ವಿಂಡೋಸ್‌ನದೇ ಕೋಡೆಕ್ ಬಳಸುವುದೋ, ಎಫ್‌ಎಫ್‌ಎಂಪೆಗ್ ಸೇರಿಸುವುದೋ?

ಕುಂಬಳೆ_ಕೋಡು:
ಯಕ್ಷಗಾನದ ಮೊಬೈಲ್ ವಿಡಿಯೋಗಳಿಗೆ ಓಪನ್ ಸೋರ್ಸ್ ಪ್ಲೇಯರ್ ಮಾಡುತ್ತಿದ್ದೇವೆ. ಹೆಚ್ಚಿನವು ಎಚ್‌ಇವಿಸಿ (ಎಚ್.265) ಎಂಬ ವಿಡಿಯೋ ಕುಗ್ಗಿಸುವ ಮಾದರಿಯಲ್ಲಿವೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿರುವ ಕೈಟ್ ಗ್ನೂ/ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲೂ ಓಡಬೇಕು. ವಿಂಡೋಸ್‌ನದೇ ವಿಡಿಯೋ ವ್ಯವಸ್ಥೆಯಾದ ಮೀಡಿಯಾ ಫೌಂಡೇಶನ್‌ಗೆ ಬೆಂಬಲ ಬರೆಯುವುದು ಲಾಭವೇ, ಇಲ್ಲ ಎಫ್‌ಎಫ್‌ಎಂಪೆಗ್ ಎಂಬ ಓಪನ್ ಸೋರ್ಸ್ ವಿಡಿಯೋ ಲೈಬ್ರರಿ ಸಾಕೇ?

ಮಂಜೇಶ್ವರ_ಬಿಟ್:
ಎರಡೂ ಇರಲಿ, ಆದರೆ ಎಫ್‌ಎಫ್‌ಎಂಪೆಗ್ ಮೊದಲು. ಲಿನಕ್ಸ್‌ಗೆ ಅದು ಹೇಗೂ ಬೇಕಲ್ಲ. ಜಿಪಿಎಲ್ ಎಂಬ ಬಿಗಿ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆ ಹಾಕದೆ ಬಿಲ್ಡ್ ಮಾಡಿದರೆ, ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್‌ನಲ್ಲೇ ಎಚ್‌ಇವಿಸಿ ಡಿಕೋಡರ್ (ವಿಡಿಯೋ ಬಿಡಿಸುವ ಭಾಗ) ಸಿಗುತ್ತದೆ. ಆದರೆ ಎಕ್ಸ್265 ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ಭಾಗ) ಜಿಪಿಎಲ್. ಪೇಟೆಂಟ್ ಬೇರೆಯೇ ವಿಷಯ, ಸೋರ್ಸ್ ಕೋಡಿನ ಲೈಸೆನ್ಸ್ ಅದನ್ನು ತೀರಿಸುವುದಿಲ್ಲ. ಆ ತಲೆನೋವಿಗಾಗಿಯೇ ಫೈರ್‌ಫಾಕ್ಸ್ ವಿಂಡೋಸ್‌ನಲ್ಲಿ ಎಚ್.264ಕ್ಕೆ (ಎಚ್‌ಇವಿಸಿಗಿಂತ ಹಳೆಯ ಮಾದರಿ) ಸಿಸ್ಟಂನ ಡಿಕೋಡರ್ ಬಳಸುವುದು.

ನೀರ್ಚಾಲು_ಎನ್‌ವಿ12:
ಮೀಡಿಯಾ ಫೌಂಡೇಶನ್‌ಗೆ ಬರೆಯುವುದಾದರೆ ಎಚ್.264ರಿಂದ ಶುರು ಮಾಡಿ, ಮಾರಾಯ್ರೇ. ಎಂಪಿ4ನೊಳಗೆ ಪ್ರತಿ ತುಂಡಿನ ಮುಂದೆ ಉದ್ದ ಬರೆದಿರುತ್ತದೆ; ಅದನ್ನು ತೆಗೆದು 00 00 00 01 ಎಂಬ ಆರಂಭದ ಗುರುತು ಹಾಕಿ, ವಿಡಿಯೋದ ಅಳತೆ ಮುಂತಾದ ವಿವರಗಳಿರುವ ಎಸ್‌ಪಿಎಸ್, ಪಿಪಿಎಸ್ ತುಂಡುಗಳನ್ನು ಮೊದಲು ಕೊಡಿ. 1080 ಸಾಲಿನ ವಿಡಿಯೋ 1088 ಸಾಲಾಗಿ ಹೊರಬರುತ್ತದೆ, ಏಕೆಂದರೆ ಬ್ಲಾಕ್‌ಗಳು 16ರ ಲೆಕ್ಕದಲ್ಲಿವೆ. ಡಿಸ್ಪ್ಲೇ ಅಪರ್ಚರ್ (ತೋರಿಸಬೇಕಾದ ಭಾಗದ ಅಳತೆ) ಓದಿ ಕತ್ತರಿಸದಿದ್ದರೆ ಕೆಳಗೆ ಹಸಿರು ಪಟ್ಟಿ ಕಾಣಬಹುದು. ಕೊನೆಯಲ್ಲಿ ಡ್ರೇನ್ (ಉಳಿದದ್ದನ್ನು ಹೊರಬಿಡು ಎನ್ನುವ) ಸಂದೇಶ ಕಳಿಸದಿದ್ದರೆ ಕಡೆಯ ಕೆಲವು ಫ್ರೇಮ್ ಒಳಗೇ ಉಳಿಯುತ್ತವೆ.

ಮಂಜೇಶ್ವರ_ಬಿಟ್:
ಹೌದು. ಇನ್ನೊಂದು: ಮೀಡಿಯಾ ಭಾಗಗಳಿಲ್ಲದೆ ಬರುವ ವಿಂಡೋಸ್ ಎನ್ ಆವೃತ್ತಿಯಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಹಾಕದೆ ಮೀಡಿಯಾ ಫೌಂಡೇಶನ್ನೇ ಇರದು. ವಿಂಡೋಸ್‌ಗೆ ಎಚ್‌ಇವಿಸಿ ಬಿಡಿಸಲು ಬೇಕಾದ ಎಕ್ಸ್‌ಟೆನ್ಶನ್ ಎಲ್ಲ ಯಂತ್ರಗಳಲ್ಲಿರುವುದಿಲ್ಲ. ಮೀಡಿಯಾ ಫೌಂಡೇಶನ್‌ನ ಡಿಎಲ್‌ಎಲ್‌ಗಳನ್ನು (ಲೈಬ್ರರಿ ಫೈಲ್‌ಗಳನ್ನು) ನೇರ ಲಿಂಕ್ ಮಾಡಿದರೆ, ಅವಿಲ್ಲದ ಯಂತ್ರದಲ್ಲಿ ಪ್ಲೇಯರ್ ತೆರೆಯುವುದೇ ಇಲ್ಲ. ಚಾಲನೆಯ ವೇಳೆ ಲೋಡ್ ಮಾಡಿ; ಸಿಗದಿದ್ದರೆ ಎಫ್‌ಎಫ್‌ಎಂಪೆಗ್‌ಗೆ ಜಾರಿಸಿ.

ಕುಂಬಳೆ_ಕೋಡು:
ಸರಿ, ಹಾಗಾದರೆ ಮೊದಲ ಆವೃತ್ತಿಗೆ ಎಫ್‌ಎಫ್‌ಎಂಪೆಗ್ ಮಾತ್ರ.