ಅಡುಗೆಮನೆಗೆ ಕಾರ್ಕ್ ನೆಲ: ಹಾಕಿಸಿಕೊಂಡವರು ಯಾರಾದರೂ ಇದ್ದೀರಾ?

ಹಳೇಮನೆ_ಪಿಟ್ಸ್‌ಬರ್ಗ್

ಎಲ್ಲರಿಗೂ ನಮಸ್ಕಾರ. ಪಿಟ್ಸ್‌ಬರ್ಗ್ ಹತ್ತಿರ ನಮ್ಮದು 1950ರ ದಶಕದ ಮನೆ. ಅಡುಗೆಮನೆಗೆ ಹಿಂದಿನವರು ಸೆರಾಮಿಕ್ ಟೈಲ್ಸ್ ಹಾಕಿಸಿದ್ದರು. ಚಳಿಗಾಲದಲ್ಲಿ ಬರಿಗಾಲಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ. ನಮ್ಮತ್ತೆ ಊರಿಂದ ಬಂದರೆ ಆರು ತಿಂಗಳು ಇರುತ್ತಾರೆ. ಒಲೆ ಮುಂದೆ ಚಪ್ಪಲಿ ಹಾಕುವುದಿಲ್ಲ ಅಂತ ಹಟ. ರಾತ್ರಿಯಾದರೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂರುತ್ತಾರೆ.

ಈಗ ಅಡುಗೆಮನೆಯನ್ನು ಪೂರ್ತಿ ಹೊಸದಾಗಿ ಮಾಡಿಸುತ್ತಿದ್ದೇವೆ. ನಮ್ಮ ಯಜಮಾನರು ವಿನೈಲ್ ಸಾಕು ಅನ್ನುತ್ತಾರೆ. ನನ್ನ ತಲೆಗೆ ಕಾರ್ಕ್ (ಬಾಟಲಿ ಬಿರಡೆ ಮಾಡುತ್ತಾರಲ್ಲ, ಅದೇ) ಹೊಕ್ಕಿದ್ದು ಫಾಲಿಂಗ್‌ವಾಟರ್ ಅನ್ನುವ ಹೆಸರಾಂತ ಮನೆ ನೋಡಿ ಬಂದ ಮೇಲೆ. ಊರಿಂದ ಯಾರೇ ಬರಲಿ, ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನ ಆದ ಮೇಲೆ ನಾವು ಕರೆದುಕೊಂಡು ಹೋಗುವುದು ಅಲ್ಲಿಗೇ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲೇ ಆ ಮನೆಯ ಬಚ್ಚಲುಗಳಲ್ಲಿ ನೆಲಕ್ಕೂ ಗೋಡೆಗೂ ಕಾರ್ಕ್ ಹಾಕಿಸಿದ್ದಾರೆ. ಬಚ್ಚಲಿಗೇ ಆಗುತ್ತದೆ ಅಂದರೆ ಅಡುಗೆಮನೆಗೆ ಯಾಕಾಗಬಾರದು?

ಆದರೆ ನಮ್ಮ ಅಡುಗೆ ಗೊತ್ತಲ್ಲ. ಒಗ್ಗರಣೆ ಸಿಡಿಯುತ್ತದೆ, ಅರಿಶಿನ ಚೆಲ್ಲುತ್ತದೆ, ಗ್ರೈಂಡರ್ ನೆಲದ ಮೇಲೇ ಇಟ್ಟು ರುಬ್ಬುತ್ತೇವೆ. ಅಮೆರಿಕದವರು ಬರೆದದ್ದು ಓದಿದರೆ ಎಲ್ಲರ ಮನೆಯಲ್ಲೂ ಚೆಲ್ಲುವುದು ವೈನ್. ಸಾಂಬಾರ್ ಚೆಲ್ಲಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತಿಳಿಸಾರು_ಪೋರ್ಟ್‌ಲೆಂಡ್

ಸಾಂಬಾರ್ ಚೆಲ್ಲಿದ್ದೇನೆ. ಹುಳಿ, ಮಜ್ಜಿಗೆ, ಒಮ್ಮೆ ದೋಸೆಹಿಟ್ಟಿನ ಪಾತ್ರೆಯನ್ನೇ ಉರುಳಿಸಿದ್ದೇನೆ. ನೆಲ ಚೆನ್ನಾಗಿಯೇ ಇದೆ.

ಕಾರ್ಕ್‌ನಲ್ಲಿ ಎರಡು ಜಾತಿ. ಒಂದು ಅಂಟು ಬಳಿದು ಕೂರಿಸುವ ಬಿಲ್ಲೆ, ಸಾಮಾನ್ಯವಾಗಿ ಒಂದಡಿ ಚದರ. ಇನ್ನೊಂದು ಒಂದಕ್ಕೊಂದು ಸಿಕ್ಕಿಸುವ ಹಲಗೆ. ಅಂಗಡಿಯವರು ಎರಡನೆಯದನ್ನೇ ತೋರಿಸುತ್ತಾರೆ, ಬೇಗ ಹಾಕಬಹುದು ಅಂತ. ಆದರೆ ಆ ಹಲಗೆಯ ಹೊಟ್ಟೆಯಲ್ಲಿ ಇರುವುದು ಸಾಮಾನ್ಯವಾಗಿ ಕಾರ್ಕ್ ಅಲ್ಲ, ಮರದ ಪುಡಿ ಒತ್ತಿ ಮಾಡಿದ ಎಚ್‌ಡಿಎಫ್. ಡಿಶ್‌ವಾಷರ್ ಸೋರಿ ನೀರು ಸಂದಿಗೆ ಇಳಿಯಿತೋ, ಅದು ಉಬ್ಬುತ್ತದೆ. ಉಬ್ಬಿದ ಮೇಲೆ ಮತ್ತೆ ಇಳಿಯುವುದಿಲ್ಲ. ಕಾರ್ಕ್‌ಗೆ ಸುಮ್ನೆ ಕೆಟ್ಟ ಹೆಸರು. ಹಾಲ್‌ಗೆ, ಮಲಗುವ ಕೋಣೆಗೆ ಹಲಗೆ ಹಾಕಿಸಿ. ಅಡುಗೆಮನೆಗೆ ಮಾತ್ರ ಅಂಟಿಸುವ ಬಿಲ್ಲೆಯೇ ಆಗಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರ್ಕ್ ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನ ಕಾರ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪೋರ್ಚುಗಲ್‌ನದು. ಮರ ಕಡಿಯುವುದಿಲ್ಲ, 9 ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ. ಬಾಟಲಿ ಬಿರಡೆ ಮಾಡಿ ಉಳಿದದ್ದನ್ನು ಪುಡಿ ಮಾಡಿ, ಅಂಟು ಸೇರಿಸಿ ಒತ್ತಿದರೆ ನೆಲದ ಬಿಲ್ಲೆ. ಕಡಲೆಬೀಜ ಕುಟ್ಟಿ ಪಾಕದಲ್ಲಿ ಒತ್ತಿದ ಚಿಕ್ಕಿ ಇರುತ್ತದಲ್ಲ, ಹಾಗೆ. ಶಾಲೆಯಲ್ಲಿ ನಾವು ಓದಿದ ವಿಜ್ಞಾನಿ ರಾಬರ್ಟ್ ಹುಕ್ 1665ರ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ ಜೀವಕೋಶಗಳು ಇದೇ ತೊಗಟೆಯವು. ಆ ಕೋಶಗಳೊಳಗೆ ಇರುವುದು ಗಾಳಿ. ಅದಕ್ಕೇ ಕಾಲಿಗೆ ತಣ್ಣಗಾಗುವುದಿಲ್ಲ, ಕಾಲಿಟ್ಟರೆ ಚೂರು ಬಗ್ಗುತ್ತದೆ. ಮಂಡಿನೋವು ಹೋಗುತ್ತದೆ ಅಂತ ನಾನು ಹೇಳಲಾರೆ. ನಮ್ಮಮ್ಮ ಬಂದಾಗ ಪಲ್ಯಕ್ಕೆ ಹೆಚ್ಚುತ್ತಾ ಸ್ಟೂಲ್ ಹುಡುಕುವುದು ಕಮ್ಮಿಯಾಗಿದೆ, ಅಷ್ಟೇ. ಸ್ಟೀಲ್ ಲೋಟ ಬಿದ್ದರೆ ಪಕ್ಕದ ಕೋಣೆಯಲ್ಲಿ ಮಗು ಏಳುವುದಿಲ್ಲ, ಅದು ನನಗೆ ದೊಡ್ಡ ಲಾಭ.

ಅರಿಶಿನದ ವಿಷಯ. ಬಿಲ್ಲೆಗಳನ್ನು ಕೂರಿಸಿದ ಮೇಲೆ ಇಡೀ ನೆಲಕ್ಕೆ ಪಾಲಿಯುರೆಥೇನ್ (ವಾರ್ನಿಶ್ ಥರದ ಗಟ್ಟಿ ಲೇಪ) ಬಳಿಸಿ, ಎರಡು ಮೂರು ಕೈ. ಬಿಲ್ಲೆ ಕಾರ್ಖಾನೆಯಿಂದಲೇ ಲೇಪ ಹಚ್ಚಿ ಬಂದಿದ್ದರೂ ಸರಿ, ಇದನ್ನು ಬಿಡಬೇಡಿ. ಸಂದಿ ಮುಚ್ಚುವುದು ಇದರಿಂದಲೇ. ಲೇಪದ ಮೇಲೆ ಬಿದ್ದ ಅರಿಶಿನ ತಕ್ಷಣ ಒರೆಸಿದರೆ ಹೋಗುತ್ತದೆ. ಮರೆತರೆ ಹಳದಿ ನೆರಳು ಉಳಿಯುತ್ತದೆ, ಬಿಸಿಲು ಬೀಳುವ ಕಡೆ ಅದೂ ಬರಬರುತ್ತಾ ಮಾಸುತ್ತದೆ. ಬಿಸಿಲಿಗೆ ಕಾರ್ಕ್ ಕೂಡ ಮಾಸುತ್ತದೆ ಅನ್ನುವುದು ಬೇರೆ ಮಾತು. ನಮ್ಮ ಹಿತ್ತಿಲ ಬಾಗಿಲ ಹತ್ತಿರ ಚಾಪೆ ಎತ್ತಿದರೆ ಕೆಳಗಿನ ಚೌಕ ಬೇರೆಯೇ ಬಣ್ಣ.

ಚಾಪೆ ಅಂದೆನಲ್ಲ, ರಬ್ಬರ್ ತಳದ್ದು ಬೇಡವೇ ಬೇಡ. ರಬ್ಬರ್ ಲೇಪಕ್ಕೆ ಕಲೆ ಹಿಡಿಸುತ್ತದೆ, ಆ ಕಲೆ ಹೋಗುವುದಿಲ್ಲ. ಗ್ರೈಂಡರ್ ಕಾಲಿಗೂ ರಬ್ಬರ್ ಇರುತ್ತದೆ, ಅದರ ಕೆಳಗೆ ಒಂದು ಮಣೆ ಇಡಿ. ಫ್ರಿಜ್ ಎಳೆಯುವಾಗ ಪ್ಲೈವುಡ್ ಹಾಸಿ ಅದರ ಮೇಲೆ ಎಳೆಯಿರಿ. ಕುಕ್ಕರ್ ಬಿದ್ದು ಆದ ತಗ್ಗು ಸುಮಾರಾಗಿ ಮೇಲೆ ಬರುತ್ತದೆ. ಚಾಕು ಬಿದ್ದರೆ ಮಾತ್ರ ಗಾಯ ಗಾಯವೇ.

ಟೊರಾಂಟೊ_ಮೇಸ್ತ್ರಿ

ಮೇಡಂ, 1950ರ ದಶಕದ ಮನೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಸೆರಾಮಿಕ್ ಕಿತ್ತಾಗ ಕೆಳಗೆ 9 ಇಂಚಿನ ಹಳೆಯ ಬಿಲ್ಲೆಗಳು, ಕಪ್ಪು ಅಂಟು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ, ಅದರ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಕೆರೆಯುವುದು, ಉಜ್ಜುವುದು ಮಾಡಬೇಡಿ. ಪರೀಕ್ಷೆ ಮಾಡುವವರನ್ನು ಕರೆಸಿ. ಸೆರಾಮಿಕ್ ಕೀಳುವ ಮೊದಲೇ ಕರೆಸಿದರೆ ಇನ್ನೂ ಒಳ್ಳೆಯದು.

ಅಂಟಿಸುವ ಬಿಲ್ಲೆ ತೆಳು. ಕೆಳಗಿನ ಉಬ್ಬುತಗ್ಗು, ಮೊಳೆಯ ತಲೆ ಎಲ್ಲವೂ ಮೇಲೆ ಎದ್ದು ಕಾಣುತ್ತದೆ. ತಳ ಸಮ ಮಾಡಿಸುವುದಕ್ಕೇ ಹೆಚ್ಚು ದುಡ್ಡು ಇಟ್ಟುಕೊಳ್ಳಿ. ಡಿಶ್‌ವಾಷರ್ ಎತ್ತರವನ್ನೂ ಈಗಲೇ ಅಳೆಯಿರಿ. ಹೊಸ ನೆಲ ಎತ್ತರವಾಗಿ, ಯಂತ್ರ ಕಟ್ಟೆ ಕೆಳಗೆ ಸಿಕ್ಕಿಹಾಕಿಕೊಂಡು, ರಿಪೇರಿಗೆ ಹೊರಗೆ ಎಳೆಯಲಾಗದ ಮನೆಗಳನ್ನು ನೋಡಿದ್ದೇನೆ.

ಜಯನಗರ_4ನೇ_ಟಿ_ಬ್ಲಾಕ್

ಓದಿ ಆಸೆ ಆಯಿತು. ನಮ್ಮಂಥವರು ಬೆಂಗಳೂರಲ್ಲಿ ಹಾಕಿಸಬಹುದಾ? ಈಗ ಇರುವುದು ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ.

ತಿಳಿಸಾರು_ಪೋರ್ಟ್‌ಲೆಂಡ್

ಜಯನಗರದವರೇ, ರೆಡ್ ಆಕ್ಸೈಡ್ ಕಿತ್ತು ಕಾರ್ಕ್ ಹಾಕಿಸಿದರೆ ನಾನೇ ಬಂದು ಜಗಳ ಆಡುತ್ತೇನೆ! ತಮಾಷೆ ಬಿಡಿ. ಹಬ್ಬಕ್ಕೆ ಬಕೆಟ್ ನೀರು ಸುರಿದು ತೊಳೆಯುವ ಮನೆಗೆ ಇದು ಹೊಂದುವುದಿಲ್ಲ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು, ಅಷ್ಟೇ. ಸ್ಟೀಮ್ ಮಾಪ್ ಕೂಡ ಆಗದು. ಕಾಲು ಕೊರೆಯುವ ಚಳಿಯೂ ನಿಮಗೆ ಇಲ್ಲ, ಅಲ್ವಾ?

ಹಳೇಮನೆ_ಪಿಟ್ಸ್‌ಬರ್ಗ್

ಎಲ್ಲರಿಗೂ ಥ್ಯಾಂಕ್ಸ್. ಮೇಸ್ತ್ರಿಯವರೇ, ಪರೀಕ್ಷೆಯವರಿಗೆ ಫೋನ್ ಮಾಡಿದ್ದೇನೆ. ಅವರು ಬಂದು ಹೋಗುವ ತನಕ ಏನೂ ಕೀಳಿಸುವುದಿಲ್ಲ. ನಮ್ಮ ಯಜಮಾನರು ಇದನ್ನೆಲ್ಲ ಓದಿ, ಬಿಲ್ಲೆ ಆದರೆ ಸರಿ ಅಂದಿದ್ದಾರೆ. ಒಂದೇ ಪ್ರಶ್ನೆ ಉಳಿದಿದೆ. ಅಂಗಡಿಯವರು ಪಾಲಿಯುರೆಥೇನ್ ಬದಲು ಮೇಣ ಹಚ್ಚಿಸಿ, ನೋಡಲು ಚೆನ್ನ ಅನ್ನುತ್ತಿದ್ದಾರೆ. ಹಚ್ಚಿಸಲಾ?

ತಿಳಿಸಾರು_ಪೋರ್ಟ್‌ಲೆಂಡ್

ನೋಡಲು ಚೆನ್ನ, ನಿಜ. ಗೀರು ಬಿದ್ದ ಕಡೆ ಮಾತ್ರ ಮತ್ತೆ ಹಚ್ಚಬಹುದು ಅನ್ನುವ ಅನುಕೂಲವೂ ಇದೆ. ಆದರೆ ಮೇಣಕ್ಕೆ ಆರೈಕೆ ಜಾಸ್ತಿ, ಒಲೆ ಮುಂದೆ ಎಣ್ಣೆ ಸಿಡಿದರೆ ಕಲೆ ನಿಲ್ಲುತ್ತದೆ. ದಿನಾ ಒಗ್ಗರಣೆ ಹಾಕುವವರಿಗೆ ಪಾಲಿಯುರೆಥೇನೇ ಸರಿ. ಕೆಲವು ವರ್ಷಕ್ಕೊಮ್ಮೆ ಮೇಲಿನ ಲೇಪ ಸವೆಯುವ ಮೊದಲೇ ಇನ್ನೊಂದು ಕೈ ಬಳಿಸಿ.

ಬಿಲ್ಲೆ ಬಂದ ಮೇಲೆ ಎರಡು ಮೂರು ದಿನ ಅದೇ ಕೋಣೆಯಲ್ಲಿ ಇಟ್ಟು ಆಮೇಲೆ ಹಾಕಿಸಿ, ಮನೆಯ ಹವೆಗೆ ಹೊಂದಿಕೊಳ್ಳಲಿ. ಹಾಕುವಾಗ ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ ಕಲಸಿಕೊಳ್ಳಲು ಹೇಳಿ. ಒಂದೊಂದು ಪೆಟ್ಟಿಗೆಯ ಬಣ್ಣ ಒಂದೊಂದು ಥರ ಇರುತ್ತದೆ. ಉಳಿದದ್ದನ್ನು ವಾಪಸ್ ಕೊಡಬೇಡಿ. ಮುಂದೆ ಯಾವುದಾದರೂ ಬಿಲ್ಲೆ ಹಾಳಾದರೆ ಅದೊಂದನ್ನೇ ಉಳಿಯಲ್ಲಿ ಎಬ್ಬಿಸಿ ಬದಲಿಸಬಹುದು. ಆಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ.