ಮೆಡಿಟರೇನಿಯನ್ ದ್ವೀಪದಲ್ಲಿ ಕೂತು ಒಂದು ವರ್ಷ ರಿಮೋಟ್ ಕೆಲಸ: ಮಾಲ್ಟಾನಾ, ಕ್ರೀಟಾ, ಸಿಸಿಲಿಯಾ?

ಅಲೆಮಾರಿ_ಕೋಡರ್

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಕೆಂಡ್ ಡೆವಲಪರ್. ಕಂಪನಿ ನ್ಯೂಯಾರ್ಕ್‌ನದು, ಕೆಲಸ ಪೂರ್ತಿ ರಿಮೋಟ್. ಅವರ ಬೆಳಿಗ್ಗೆ ಒಂಬತ್ತರ ಮೀಟಿಂಗ್ ಮಾತ್ರ ತಪ್ಪಿಸುವ ಹಾಗಿಲ್ಲ. ಮಿಕ್ಕಂತೆ ಎಲ್ಲಿ ಕೂತು ಮಾಡಿದರೂ ತಕರಾರಿಲ್ಲ ಅಂತ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದಾರೆ. ನನ್ನ ಹೆಂಡತಿ ಚಿತ್ರ ಬಿಡಿಸುವವಳು, ಫ್ರೀಲಾನ್ಸ್. ಇಬ್ಬರೇ, ಮಕ್ಕಳಿಲ್ಲ. ಯುರೋಪ್ ಒಕ್ಕೂಟದ ಪಾಸ್‌ಪೋರ್ಟ್ ಇಬ್ಬರ ಹತ್ತಿರವೂ ಇಲ್ಲ.

ಯೋಚನೆ ಹೀಗಿದೆ. ಜೂನ್‌ನಲ್ಲಿ ಟೂರಿಸ್ಟ್ ವೀಸಾದಲ್ಲಿ ಹೋಗಿ ಇಳಿಯುವುದು, ಒಂದೆರಡು ವಾರ ಹೋಟೆಲ್‌ನಲ್ಲಿದ್ದು ಮನೆ ನೋಡುವುದು, ಜಾಗ ಹಿಡಿಸಿದರೆ ಅಲ್ಲಿಂದಲೇ ಡಿಜಿಟಲ್ ನೋಮ್ಯಾಡ್ ಪರ್ಮಿಟ್‌ಗೆ (ಹೊರದೇಶದ ಕಂಪನಿಗೆ ರಿಮೋಟ್ ಕೆಲಸ ಮಾಡುತ್ತಾ ಅಲ್ಲಿ ಇರಲು ಕೊಡುವ ಪರವಾನಗಿ) ಹಾಕುವುದು. ತಲೆಯಲ್ಲಿರುವ ಹೆಸರುಗಳು ಮಾಲ್ಟಾ, ಗ್ರೀಸ್‌ನ ಕ್ರೀಟ್, ಇಟಲಿಯ ಸಿಸಿಲಿ, ಸ್ಪೇನ್‌ನ ಮಯೋರ್ಕಾ. ಸಮುದ್ರ ಬೇಕು, ನೆಟ್ ಗಟ್ಟಿ ಇರಬೇಕು, ಊರು ತೀರಾ ಗಲಾಟೆಯದ್ದಾಗಬಾರದು. ಯೂಟ್ಯೂಬ್‌ನಲ್ಲಿ ಎಲ್ಲರೂ ಬೀಚ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಗುತ್ತಿರುತ್ತಾರೆ, ಅದರಿಂದ ಏನೂ ಗೊತ್ತಾಗುತ್ತಿಲ್ಲ. ಇದ್ದು ಬಂದವರು, ಈಗ ಇರುವವರು ಸ್ವಲ್ಪ ಬಿಡಿಸಿ ಹೇಳಿ.

ಗೋಜೋ_ಗಾಳಿ

ಜೂನ್ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಈ ದ್ವೀಪಗಳಲ್ಲಿ ಎಲ್ಲಾ ಲೆಕ್ಕ ಸೀಸನ್ ಮೇಲೆ ನಡೆಯುತ್ತದೆ. ಮೇ ಬಂತು ಅಂದರೆ ಮನೆ ಮಾಲೀಕರಿಗೆ ವಾರದ ಲೆಕ್ಕದ ಪ್ರವಾಸಿಗರು ಸಿಗುತ್ತಾರೆ, ತಿಂಗಳ ಬಾಡಿಗೆಯವರ ಕಡೆ ತಿರುಗಿಯೂ ನೋಡುವುದಿಲ್ಲ. ಅದೇ ಮನೆ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಖಾಲಿ ಬೀಳುತ್ತದೆ, ಆಗ ಮಾತುಕತೆಗೆ ಬರುತ್ತಾರೆ. ಆದ್ದರಿಂದ ಜನವರಿಯಲ್ಲಿ ಆ ಊರು ಹೇಗಿರುತ್ತದೆ ಅಂತ ನೋಡಿ ಜಾಗ ಆರಿಸಿ, ಜುಲೈ ನೋಡಿ ಅಲ್ಲ. ಜುಲೈನಲ್ಲಿ ಎಲ್ಲಾ ದ್ವೀಪವೂ ಚೆಂದವೇ.

ನಾನಿರುವುದು ಗೋಜೋದಲ್ಲಿ, ಮಾಲ್ಟಾದ ಪಕ್ಕದ ಚಿಕ್ಕ ದ್ವೀಪ. ಮಾಲ್ಟಾದ ದೊಡ್ಡ ಅನುಕೂಲ ಭಾಷೆ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆಯೇ, ಹಾಗಾಗಿ ಕರಾರು, ಬ್ಯಾಂಕು, ಡಾಕ್ಟರು ಎಲ್ಲಾ ಓದಿ ಅರ್ಥ ಮಾಡಿಕೊಂಡೇ ಸಹಿ ಹಾಕಬಹುದು. ನೋಮ್ಯಾಡ್ ಪರ್ಮಿಟ್ 2021ರಿಂದ ಇದೆ, ರೆಸಿಡೆನ್ಸಿ ಮಾಲ್ಟಾ ಏಜೆನ್ಸಿ ಕೊಡುತ್ತದೆ, ಒಂದು ವರ್ಷದ್ದು, ನವೀಕರಿಸಬಹುದು. 2024ರ ಏಪ್ರಿಲ್‌ನಿಂದ ವರ್ಷಕ್ಕೆ 42,000 ಯುರೋ ಆದಾಯ ತೋರಿಸಬೇಕು. ಮುಂಚೆ ತಿಂಗಳಿಗೆ 2,700 ಇತ್ತು, ಹಳೆಯ ವಿಡಿಯೋಗಳಲ್ಲಿ ಇನ್ನೂ ಅದನ್ನೇ ಹೇಳುತ್ತಿರುತ್ತಾರೆ, ನಂಬಬೇಡಿ. ಮಾಲ್ಟಾದ ಗಿರಾಕಿಗಳಿಗೆ ಕೆಲಸ ಮಾಡುವ ಹಾಗಿಲ್ಲ. ನಿಮ್ಮ ಹೆಂಡತಿ ಫ್ರೀಲಾನ್ಸ್ ಅಂದಿರಿ, ಅಲ್ಲಿನ ಯಾವುದೋ ಕೆಫೆಗೆ ಮೆನು ಚಿತ್ರ ಬಿಡಿಸಿಕೊಟ್ಟು ದುಡ್ಡು ತಗೊಂಡರೂ ಅದು ಪರ್ಮಿಟ್‌ಗೆ ವಿರುದ್ಧ.

ಇನ್ನು ಗದ್ದಲ. ಇಡೀ ದೇಶ 316 ಚದರ ಕಿಲೋಮೀಟರ್, ಅದರಲ್ಲಿ ಐದು ಲಕ್ಷಕ್ಕೂ ಜಾಸ್ತಿ ಜನ. ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ಹೋದರೆ ಕ್ರೇನ್ ಇಲ್ಲದ ಬೀದಿ ಸಿಗುವುದೇ ಕಷ್ಟ, ಬೆಳಿಗ್ಗೆಯಿಂದ ಡ್ರಿಲ್ ಶುರು. ಮೀಟಿಂಗ್ ಮಧ್ಯೆ ಮ್ಯೂಟ್ ಒತ್ತಿ ಒತ್ತಿ ಬೆರಳು ಸವೆಯುತ್ತದೆ. ಮನೆ ನೋಡುವಾಗ ಪಕ್ಕದ ಸೈಟ್ ಖಾಲಿ ಇದ್ದರೆ ಖುಷಿಪಡಬೇಡಿ, ನಾಳೆ ಅಲ್ಲೇ ಕಟ್ಟಡ ಏಳುವುದು. ಗೋಜೋ ತಣ್ಣಗಿದೆ. ಮಾಲ್ಟಾದ ಚಿರ್ಕೇವ್ವಾ ಬಂದರಿನಿಂದ ಕಾರು ಹತ್ತುವ ಫೆರ್ರಿಯಲ್ಲಿ ಸುಮಾರು 25 ನಿಮಿಷ, ರಾಜಧಾನಿ ವಲೆಟ್ಟಾದಿಂದ ಜನರನ್ನಷ್ಟೇ ಒಯ್ಯುವ ವೇಗದ ಫೆರ್ರಿಯೂ ಇದೆ. ಬಿರುಗಾಳಿ ಇದ್ದ ದಿನ ಅದು ನಿಲ್ಲುತ್ತದೆ, ಅಷ್ಟೇ.

ಚಳಿಗಾಲದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊರಗೆ 14 ಡಿಗ್ರಿ, ಆದರೆ ಸುಣ್ಣಕಲ್ಲಿನ ಮನೆ ಒಳಗೆ ಅದಕ್ಕಿಂತ ಚಳಿ. ಹೀಟಿಂಗ್ ಇರುವುದಿಲ್ಲ, ಗೋಡೆ ಒದ್ದೆ, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು. ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಲ್ಲದ ಮನೆಗೆ ಸಹಿ ಹಾಕಬೇಡಿ.

ಸಿರೋಸ್_ಸಂಜೆ

ಗೋಜೋದವರು ಹೇಳಿದ್ದು ಸರಿ, ಆದರೆ ಎಲ್ಲರೂ ಮಾಲ್ಟಾ ಮಾಲ್ಟಾ ಅನ್ನುವುದು ಯಾಕೋ ಗೊತ್ತಿಲ್ಲ. ಗ್ರೀಸ್ ಕಡೆ ಬನ್ನಿ ಸರ್.

ಒಂದು ಎಚ್ಚರಿಕೆ ಮಾತ್ರ. ಗ್ರೀಕ್ ದ್ವೀಪಗಳಲ್ಲಿ ಸುಮಾರು ನವೆಂಬರ್‌ಗೆ ಬಾಗಿಲು ಹಾಕಿಕೊಳ್ಳುವವೇ ಜಾಸ್ತಿ. ಹೋಟೆಲು, ಅಂಗಡಿ, ಕೆಲವು ಕಡೆ ಎಟಿಎಂ ಪಕ್ಕದ ಬೇಕರಿ ಕೂಡ ಮುಚ್ಚಿ ಮಾಲೀಕರು ಅಥೆನ್ಸ್‌ಗೆ ಹೋಗಿಬಿಡುತ್ತಾರೆ. ವರ್ಷ ಪೂರ್ತಿ ಉಸಿರಾಡುವ ಊರು ಬೇಕು ಅಂದರೆ ಸಿರೋಸ್ ನೋಡಿ. ಅದರ ಎರ್ಮೂಪೋಲಿ ಸೈಕ್ಲಡೀಸ್ ದ್ವೀಪಗಳ ರಾಜಧಾನಿ, ಅಂದರೆ ಸರ್ಕಾರಿ ಕಚೇರಿ, ಆಸ್ಪತ್ರೆ, ಶಾಲೆ, ಹಡಗುಕಟ್ಟೆ, ಕಾಲೇಜು ಹುಡುಗರು ಎಲ್ಲಾ ಇದ್ದಾರೆ. ಪ್ರವಾಸಿಗರನ್ನೇ ನಂಬಿ ಬದುಕುವ ಊರಲ್ಲ, ಅದಕ್ಕೇ ಫೆಬ್ರವರಿಯಲ್ಲೂ ಕಾಫಿ ಸಿಗುತ್ತದೆ. ದೊಡ್ಡದು ಬೇಕಿದ್ದರೆ ಕ್ರೀಟ್. ಹಾನ್ಯಾ ಮತ್ತು ಇರಾಕ್ಲಿಯೋ ಎರಡೂ ನಿಜವಾದ ಪಟ್ಟಣಗಳು, ವಿಶ್ವವಿದ್ಯಾಲಯ ಇದೆ, ವಿಮಾನ ವರ್ಷವಿಡೀ ಇದೆ, ಅಥೆನ್ಸ್‌ನ ಬಂದರು ಪಿರೇಯಸ್‌ಗೆ ರಾತ್ರಿ ಹಡಗೂ ಇದೆ. ಹಾನ್ಯಾದಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ಅಂತಲೇ ಬಾಡಿಗೆಗೆ ಕೊಡುವ ಮಾಲೀಕರು ತುಂಬಾ ಇದ್ದಾರೆ. ಬೇಸಿಗೆಗೆ ಬಿಡಿ ಅಂತ ಕರಾರಿನಲ್ಲೇ ಬರೆದಿರುತ್ತಾರೆ, ಸಹಿ ಮಾಡುವ ಮುಂಚೆ ತಿಂಗಳು ನೋಡಿಕೊಳ್ಳಿ.

ನೆಟ್ ಬಗ್ಗೆ: ಗ್ರೀಸ್‌ನಲ್ಲಿ ಫೈಬರ್ ಎಲ್ಲಾ ಬೀದಿಗೂ ಬಂದಿಲ್ಲ, ಹಳೆಯ ತಾಮ್ರದ ಲೈನ್‌ನಲ್ಲೇ ಓಡುವ ಮನೆಗಳು ಬೇಕಾದಷ್ಟಿವೆ. ಊರಿಗೆ ಬಂದಿದೆಯಾ ಅಂತ ಕೇಳಬೇಡಿ, ಆ ಮನೆಗೆ ಬಂದಿದೆಯಾ ಅಂತ ಕೇಳಿ. ಮಾಲೀಕರ ಹತ್ತಿರ ಸ್ಪೀಡ್ ಟೆಸ್ಟ್‌ನ ಫೋಟೋ ತರಿಸಿಕೊಳ್ಳಿ, ಅದರಲ್ಲಿ ಅಪ್‌ಲೋಡ್ ನೋಡಿ. ವಿಡಿಯೋ ಕಾಲ್ ಕೈಕೊಡುವುದು ಅಪ್‌ಲೋಡ್‌ನಿಂದ.

ಗ್ರೀಸ್‌ನ ನೋಮ್ಯಾಡ್ ವೀಸಾಗೆ ತಿಂಗಳಿಗೆ ತೆರಿಗೆ ಕಳೆದು 3,500 ಯುರೋ ಇರಬೇಕು, ಸಂಗಾತಿ ಜೊತೆಗಿದ್ದರೆ ಅದರ ಮೇಲೆ 20% ಜಾಸ್ತಿ. ಇದನ್ನು ಹೋಗುವ ಮುಂಚೆ ಅವರ ರಾಯಭಾರ ಕಚೇರಿಯಲ್ಲಿ ಹಾಕಿ. ಅಲ್ಲಿಗೆ ಹೋಗಿ ನೋಡೋಣ ಅನ್ನುವ ಆಟ ಬೇಡ.

ಲೆಕ್ಕದವಳು

ಟೂರಿಸ್ಟ್ ವೀಸಾದಲ್ಲಿ ಇಳಿದು ಕೆಲಸ ಶುರು ಮಾಡುತ್ತೇನೆ ಅಂದಿರಲ್ಲ, ಅಲ್ಲೇ ನಿಲ್ಲಿ. ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪು) ಟೂರಿಸ್ಟ್ ವೀಸಾ ಅಂದರೆ ಯಾವುದೇ 180 ದಿನಗಳಲ್ಲಿ 90 ದಿನ, ಅದೂ ಸುತ್ತಾಡಲಿಕ್ಕೆ. ಗ್ರೀಸ್, ಇಟಲಿ, ಸ್ಪೇನ್, ಮಾಲ್ಟಾ ನಾಲ್ಕೂ ಒಂದೇ ಖಾತೆ. ಸಿಸಿಲಿಯಲ್ಲಿ ಮೂರು ತಿಂಗಳು ಮುಗಿಸಿ ಕ್ರೀಟ್‌ಗೆ ಹಾರಿದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಅಲ್ಲಿ ಕೂತು ಸಂಬಳದ ಕೆಲಸ ಮಾಡಲು ಆ ವೀಸಾ ಅನುಮತಿ ಕೊಡುವುದಿಲ್ಲ. "ಯಾರು ನೋಡುತ್ತಾರೆ" ಅನ್ನುವವರು ಸಿಗುತ್ತಾರೆ. ಮುಂದೆ ಪರ್ಮಿಟ್‌ಗೆ ಹಾಕುವಾಗ ಹಿಂದಿನ ದಿನಗಳ ಲೆಕ್ಕ ಕೇಳುವವರು ಅವರಲ್ಲ.

ಎರಡನೆಯದು ತೆರಿಗೆ. ಒಂದು ವರ್ಷ ಇರುತ್ತೀರಿ, ಅಂದರೆ 183 ದಿನ ದಾಟುತ್ತೀರಿ, ಅಂದರೆ ಆ ದೇಶ ನಿಮ್ಮನ್ನು ತನ್ನ ತೆರಿಗೆದಾರ ಅಂತ ನೋಡುವುದು ಹೆಚ್ಚುಕಮ್ಮಿ ಖಚಿತ. ನೋಮ್ಯಾಡ್ ವೀಸಾ ಇದ್ದರೆ ತೆರಿಗೆ ಇಲ್ಲ ಅನ್ನುವುದು ಗಾಳಿಮಾತು. ಒಂದೊಂದು ದೇಶಕ್ಕೂ ಬೇರೆ ನಿಯಮ. ಮಾಲ್ಟಾದಲ್ಲಿ ಪರ್ಮಿಟ್ ಸಿಕ್ಕ ಮೊದಲ 12 ತಿಂಗಳು ಈ ಕೆಲಸದ ಆದಾಯಕ್ಕೆ ವಿನಾಯಿತಿ, ಆಮೇಲೆ 10%. ಗ್ರೀಸ್‌ನಲ್ಲಿ ಹೊಸದಾಗಿ ಬಂದು ನೆಲೆಸುವವರಿಗೆ ಅರ್ಧ ಆದಾಯದ ಮೇಲೆ ತೆರಿಗೆ ಬಿಡುವ ಯೋಜನೆ ಇದೆ, ಏಳು ವರ್ಷದವರೆಗೆ, ಆದರೆ ಕನಿಷ್ಠ ಎರಡು ವರ್ಷ ಇರುತ್ತೇನೆ ಅಂತ ಒಪ್ಪಬೇಕು. ಒಂದು ವರ್ಷಕ್ಕೆ ಬರುವ ನಿಮಗೆ ಅದು ಆಗಿಬರುವುದಿಲ್ಲ.

ಮೂರನೆಯದು ನಿಮ್ಮ ಮ್ಯಾನೇಜರ್ ಬಾಯಿಮಾತು. ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. ನೀವು ಒಂದು ದೇಶದಲ್ಲಿ ಕೂತು ಕೆಲಸ ಮಾಡಿದರೆ ಅಲ್ಲಿ ಕಂಪನಿಗೇ ತೆರಿಗೆ, ಸಾಮಾಜಿಕ ಭದ್ರತೆಯ ಬಾಧ್ಯತೆ ಬರಬಹುದು, ಅದಕ್ಕೇ ಎಚ್‌ಆರ್‌ನವರು ಕೊನೇ ಗಳಿಗೆಯಲ್ಲಿ ಬೇಡ ಅನ್ನುವುದು. ಪರ್ಮಿಟ್ ಅರ್ಜಿಗೂ ರಿಮೋಟ್ ಆಗಿ ಕೆಲಸ ಮಾಡಬಹುದು ಅನ್ನುವ ಪತ್ರ ಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ಮುಂಚೆ ಬರವಣಿಗೆಯಲ್ಲಿ ತಗೊಳ್ಳಿ.

ಅಲೆಮಾರಿ_ಕೋಡರ್

ಅಬ್ಬಾ, ಒಂದೇ ದಿನಕ್ಕೆ ಇಷ್ಟೊಂದು! ಜೂನ್ ಕೈಬಿಟ್ಟೆ, ಟೂರಿಸ್ಟ್ ವೀಸಾ ಯೋಚನೆಯನ್ನೂ. ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಸಿಸಿಲಿ ಬಗ್ಗೆ ಯಾರೂ ಮಾತಾಡಲಿಲ್ಲ, ಬಾಡಿಗೆ ಅಲ್ಲೇ ಅಗ್ಗ ಅಂತ ಕೇಳಿದ್ದೆ. ಇನ್ನೊಂದು, ಸಮಯ. ನ್ಯೂಯಾರ್ಕ್ ಒಂಬತ್ತು ಅಂದರೆ ಅಲ್ಲಿ ಮಧ್ಯಾಹ್ನ, ಅದು ಒಳ್ಳೆಯದೇ ಅಲ್ವಾ? ಬೆಳಿಗ್ಗೆ ಈಜು, ಮಧ್ಯಾಹ್ನ ಕೆಲಸ.

ಎಟ್ನಾ_ಬೂದಿ

ಸಿಸಿಲಿಯಿಂದ ನಾನು. ಹೌದು, ಬಾಡಿಗೆ ಮಾಲ್ಟಾಗಿಂತ ಕಮ್ಮಿ. ಪಲೆರ್ಮೋ, ಕಟಾನಿಯಾ ಎರಡೂ ದೊಡ್ಡ ನಗರಗಳು, ಚಳಿಗಾಲದಲ್ಲಿ ಸತ್ತುಹೋಗುವುದಿಲ್ಲ, ತರಕಾರಿ ಮೀನಿನ ಸಂತೆ ವರ್ಷವಿಡೀ ನಡೆಯುತ್ತದೆ. ಗಲಾಟೆ ಬೇಡ ಅಂದರೆ ಸಿರಾಕೂಸಾ ನೋಡಿ, ಆದರೆ ಅದರ ಹಳೇ ಭಾಗ ಓರ್ತೀಜಿಯಾದಲ್ಲಿ ಬೇಡ, ಅದು ಪೂರ್ತಿ ಪ್ರವಾಸಿಗರ ಬಾಡಿಗೆಗೆ ಹೋಗಿದೆ. ಸೇತುವೆ ದಾಟಿ ಈಚೆ ಕಡೆ ಮನೆ ಮಾಡಿ.

ಈಗ ಕಷ್ಟ. ನೀರು. 2024ರ ಬರದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಅಗ್ರಿಜೆಂತೋ ಕಡೆ ಟ್ಯಾಂಕರ್ ನೀರಿನಲ್ಲಿ ದಿನ ದೂಡಿದರು. ಮನೆ ನೋಡುವಾಗ ನಾನು ಬಾಲ್ಕನಿಗಿಂತ ಮೊದಲು ನೀರಿನ ಟ್ಯಾಂಕ್ ಎಷ್ಟು ದೊಡ್ಡದು ಅಂತ ಕೇಳುತ್ತೇನೆ. ಬಿಸಿಲು ಹೇಗೆ ಅಂದರೆ, 2021ರ ಆಗಸ್ಟ್ 11ರಂದು ಸಿರಾಕೂಸಾ ಹತ್ತಿರ 48.8 ಡಿಗ್ರಿ ದಾಖಲಾಯಿತು, ಅದು ಯುರೋಪ್ ಖಂಡದ ದಾಖಲೆ. ಎಸಿ ಇಲ್ಲದ ಮನೆ ಬೇಡ. ಎಟ್ನಾ ಅಗ್ನಿಪರ್ವತ ಬೂದಿ ಕಾರಿದಾಗ ಕಟಾನಿಯಾ ವಿಮಾನ ನಿಲ್ದಾಣ ಕೆಲವು ಗಂಟೆ ಮುಚ್ಚುವುದು ಮಾಮೂಲು, ಕಾರಿನ ಮೇಲಿಂದ ಕರಿ ಮರಳು ಗುಡಿಸುವುದೂ ಮಾಮೂಲು.

ಇಟಲಿಯ ನೋಮ್ಯಾಡ್ ವೀಸಾ 2024ರ ಏಪ್ರಿಲ್‌ನಲ್ಲಿ ಶುರುವಾಯಿತು. ಆದಾಯದ ಮಿತಿ ಗ್ರೀಸ್, ಮಾಲ್ಟಾಗಿಂತ ಕಮ್ಮಿ, ಆದರೆ ಪದವಿ ಅಥವಾ ಅನುಭವದ ಕಾಗದ, ಆರು ತಿಂಗಳು ರಿಮೋಟ್ ಕೆಲಸ ಮಾಡಿದ ಪುರಾವೆ, ಆರೋಗ್ಯ ವಿಮೆ, ಇರಲು ಮನೆ ಎಲ್ಲಾ ತೋರಿಸಬೇಕು. ಬಂದ ಮೇಲೆ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಕಾರ್ಡ್ ಕೈಗೆ ಬರುವುದು ಮಾತ್ರ ಅದರ ಪಾಡಿಗೆ ಅದು. ಕೆಲವು ಮಾತು ಇಟಾಲಿಯನ್ ಕಲಿಯದೆ ಬಂದರೆ ಕಚೇರಿ ಕೌಂಟರ್‌ನಲ್ಲಿ ಮೂಕರಾಗಿ ನಿಲ್ಲುತ್ತೀರಿ.

ಗೋಜೋ_ಗಾಳಿ

ಸಮಯದ ಬಗ್ಗೆ. ಬೆಳಿಗ್ಗೆ ಈಜು ನಿಜ, ಆದರೆ ಪೂರ್ತಿ ಹೇಳಿ. ನ್ಯೂಯಾರ್ಕ್ ಒಂಬತ್ತು ಅಂದರೆ ಮಾಲ್ಟಾ, ಸಿಸಿಲಿಯಲ್ಲಿ ಮಧ್ಯಾಹ್ನ ಮೂರು, ಗ್ರೀಸ್‌ನಲ್ಲಿ ನಾಲ್ಕು. ಅವರು ಐದಕ್ಕೆ ಮುಗಿಸಿದರೆ ನಿಮಗೆ ರಾತ್ರಿ ಹನ್ನೊಂದು, ಗ್ರೀಸ್ ಆದರೆ ನಡುರಾತ್ರಿ. ಈ ಕಡೆಯ ಜನ ಸೇರುವುದು, ಊಟಕ್ಕೆ ಕರೆಯುವುದು, ಚೌಕದಲ್ಲಿ ಕೂತು ಹರಟುವುದು ಎಲ್ಲಾ ಸಂಜೆ ಏಳರ ಮೇಲೆ. ಆ ಹೊತ್ತಿಗೆ ನೀವು ಹೆಡ್‌ಫೋನ್ ಹಾಕಿ ಕೂತಿರುತ್ತೀರಿ. ಹೀಗೇ ಯಾರ ಪರಿಚಯವೂ ಆಗದೆ ವಾಪಸ್ ಹೋದವರನ್ನು ನೋಡಿದ್ದೇನೆ. ವಾರಕ್ಕೆ ಎರಡು ಸಂಜೆಯಾದರೂ ಬೇಗ ಬಿಡಿ ಅಂತ ಕಂಪನಿ ಹತ್ತಿರ ಈಗಲೇ ಮಾತಾಡಿ. ಮತ್ತೆ ಮಾರ್ಚ್‌ನಲ್ಲಿ ಅಮೆರಿಕ ಗಡಿಯಾರ ಮೊದಲು ತಿರುಗಿಸುತ್ತದೆ, ಯುರೋಪ್ ತಿಂಗಳ ಕೊನೆಗೆ. ಆ ಎರಡು ಮೂರು ವಾರ ಮೀಟಿಂಗ್ ಒಂದು ಗಂಟೆ ಮುಂಚೆ ಬರುತ್ತದೆ.

ಕರೆಂಟ್ ಬಗ್ಗೆಯೂ ಹೇಳಿಬಿಡುತ್ತೇನೆ. 2023ರ ಜುಲೈ ಬಿಸಿಲಲ್ಲಿ ಮಾಲ್ಟಾದ ನೆಲದೊಳಗಿನ ಕೇಬಲ್‌ಗಳು ಕೈಕೊಟ್ಟು ದಿನಗಟ್ಟಲೆ ಹೋಗಿ ಬಂದು ಮಾಡಿತು. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್, ಬೇರೆ ಕಂಪನಿಯ ಸಿಮ್‌ನಲ್ಲಿ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ.

ಪಾಲ್ಮಾ_ಪಕ್ಕ

ಒಂದು ಕಹಿ ಮಾತು, ಬೇಜಾರಾಗಬೇಡಿ. ಮಯೋರ್ಕಾ ಪಟ್ಟಿಯಿಂದ ತೆಗೆಯಿರಿ. 2024ರಲ್ಲಿ ಅದರ ರಾಜಧಾನಿ ಪಾಲ್ಮಾದ ಬೀದಿಯಲ್ಲಿ ಸಾವಿರಾರು ಜನ ಅತಿ ಪ್ರವಾಸೋದ್ಯಮದ ವಿರುದ್ಧ ಮೆರವಣಿಗೆ ಮಾಡಿದರು, ಅದರ ಬುಡದಲ್ಲಿದ್ದದ್ದು ಬಾಡಿಗೆ. ಅಲ್ಲಿ ಹುಟ್ಟಿ ಬೆಳೆದ ನರ್ಸು, ಮೇಷ್ಟ್ರುಗಳಿಗೇ ಮನೆ ಸಿಗುತ್ತಿಲ್ಲ. ಪಾಲ್ಮಾ 2018ರಲ್ಲೇ ಅಪಾರ್ಟ್‌ಮೆಂಟ್‌ಗಳಲ್ಲಿ ಪ್ರವಾಸಿ ಬಾಡಿಗೆ ನಿಷೇಧಿಸಿತು, ಆದರೂ ಒತ್ತಡ ಕಮ್ಮಿಯಾಗಿಲ್ಲ. ಡಾಲರ್‌ನಲ್ಲಿ ದುಡಿಯುವ ನಾವು ಕೇಳಿದಷ್ಟು ಕೊಟ್ಟು ಹೋಗುತ್ತೇವೆ, ಏರಿದ ಬೆಲೆ ಆಮೇಲೆ ಇಳಿಯುವುದಿಲ್ಲ.

ಸಿರೋಸ್_ಸಂಜೆ

ಇದು ಸ್ವಲ್ಪ ಜಾಸ್ತಿಯಾಯಿತು. ಮನೆ ಬೆಲೆ ಏರಿಸಿದ್ದು ಎರಡು ಲ್ಯಾಪ್‌ಟಾಪ್‌ನವರಲ್ಲ, ವಾರದ ಬಾಡಿಗೆಗೆ ಸಾಲು ಸಾಲು ಮನೆ ಕೊಂಡವರು. ಚಳಿಗಾಲದಲ್ಲಿ ಖಾಲಿ ಬಿದ್ದ ಮನೆಯಲ್ಲಿ ಇದ್ದರೆ ಬೇಕರಿಯವನಿಗೆ ಗಿರಾಕಿಯಾಗುತ್ತೀರಿ, ತಪ್ಪೇನು?

ಪಾಲ್ಮಾ_ಪಕ್ಕ

ಚಳಿಗಾಲಕ್ಕೆ ಒಪ್ಪುತ್ತೇನೆ. ಅದೇ ಮನೆಯಿಂದ ಮೇ ತಿಂಗಳಲ್ಲಿ ಶಾಲೆಯ ಮೇಷ್ಟ್ರನ್ನೂ ಎಬ್ಬಿಸುತ್ತಾರೆ ಅನ್ನುವುದು ನಿಮಗೂ ಗೊತ್ತು. ಗ್ರೀಕ್ ದ್ವೀಪಗಳಿಗೆ ಮೇಷ್ಟ್ರು, ಡಾಕ್ಟರು ಬರಲು ಹಿಂಜರಿಯುವುದು ಇದಕ್ಕೇ ತಾನೇ. ಬರಬೇಡಿ ಅನ್ನುತ್ತಿಲ್ಲ, ವರ್ಷದ ಕರಾರು ಮಾಡಿಕೊಂಡು ಬನ್ನಿ, ತಿಂಗಳ ಲೆಕ್ಕದ ಪ್ರವಾಸಿ ಫ್ಲಾಟ್ ಹಿಡಿಯಬೇಡಿ ಅಂತಷ್ಟೇ.

ಅಲೆಮಾರಿ_ಕೋಡರ್

ಇಬ್ಬರ ಮಾತೂ ಅರ್ಥವಾಯಿತು. ಹೆಂಡತಿ ಜೊತೆ ಕೂತು ಮಾತಾಡಿದೆವು. ಮೊದಲ ಆಯ್ಕೆ ಗೋಜೋ, ವರ್ಷದ ಕರಾರು, ಅಕ್ಟೋಬರ್‌ಗೆ. ನಡುರಾತ್ರಿವರೆಗೆ ಕೆಲಸ ಬೇಡ ಅನ್ನುವುದಕ್ಕೆ ಗ್ರೀಸ್ ಬಿಟ್ಟೆವು. ಗೋಜೋದವರೇ, ವರ್ಷದ ಕರಾರು ಮಾಡಿ ಮಧ್ಯೆ ಹಿಡಿಸದಿದ್ದರೆ ಸಿಕ್ಕಿಹಾಕಿಕೊಳ್ಳುತ್ತೇವಾ?

ಗೋಜೋ_ಗಾಳಿ

ಇಲ್ಲ. 2020ರ ಬಾಡಿಗೆ ಕಾನೂನಿನ ಪ್ರಕಾರ ಒಂದು ವರ್ಷದ ಕರಾರಿನಲ್ಲಿ ಆರು ತಿಂಗಳು ಕಳೆದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಅದಕ್ಕೆ ಮುಂಚೆ ಬಿಟ್ಟರೆ ಅಡ್ವಾನ್ಸ್‌ಗೆ ಕೈ ಹಾಕುತ್ತಾರೆ. ಕರಾರನ್ನು ಮಾಲೀಕರು ಹೌಸಿಂಗ್ ಅಥಾರಿಟಿಯಲ್ಲಿ ನೋಂದಾಯಿಸಲೇಬೇಕು, ನೋಂದಣಿಯ ಪ್ರತಿ ಕೈಗೆ ತಗೊಳ್ಳಿ. ಅದು ಬೇಡ, ಸುಮ್ನೆ ಕ್ಯಾಶ್ ಕೊಡಿ ಅನ್ನುವವರ ಮನೆ ಎಷ್ಟೇ ಚೆಂದ ಇದ್ದರೂ ಬಿಡಿ. ಏಜೆಂಟ್ ಮೂಲಕ ಹೋದರೆ ಅರ್ಧ ತಿಂಗಳ ಬಾಡಿಗೆ ಮತ್ತು ಅದರ ಮೇಲೆ ತೆರಿಗೆ ಅವರಿಗೆ. ಕರೆಂಟ್ ಮತ್ತು ನೀರಿನ ಬಿಲ್‌ನಲ್ಲಿ ಮನೆಯಲ್ಲಿ ಎಷ್ಟು ಜನ ಅಂತ ದಾಖಲಾಗಿರಬೇಕು, ನಿಮ್ಮಿಬ್ಬರ ಹೆಸರು ಸೇರಿಸದಿದ್ದರೆ ಕಡಿಮೆ ದರ ಸಿಗುವುದಿಲ್ಲ. ಅದರ ಫಾರಂ ಬೀಗದ ಕೈ ತಗೊಳ್ಳುವ ದಿನವೇ ಮುಗಿಸಿ. ಅಡ್ವಾನ್ಸ್ ಕೊಡುವ ಮುಂಚೆ ಕರಾರು ಇಲ್ಲಿ ಹಾಕಿ, ಹೆಸರು ವಿಳಾಸ ಅಳಿಸಿ. ಲೆಕ್ಕದವಳು ಮೇಡಂ ಕೂಡ ಒಮ್ಮೆ ನೋಡಲಿ.