‘ಜಿಡ್ಡುಗಟ್ಟಿದ’ ಕಾರ್ಬುರೇಟರೋ, ‘ಮಡ್ಡಿಗಟ್ಟಿದ’ ಕಾರ್ಬುರೇಟರೋ?

ನಮ್ಮ ತೋಟದ ಹಿಂದಿನ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಓಡಿಸುತ್ತಿದ್ದ ಯೆಜ್ಡಿ ಮೋಟಾರ್ ಸೈಕಲ್ಲೊಂದು ಎಂಟು ಮಳೆಗಾಲ ಕೊಟ್ಟಿಗೆಯಲ್ಲೇ ನಿಂತಿತ್ತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿಹೋಯಿತಾದರೂ ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಗಳ ಕಡೆಯ ತೋಟದ ಮನೆಗಳಲ್ಲಿ ಇಂಥ ಗಾಡಿಗಳು ಅಲ್ಲಲ್ಲಿ ಉಳಿದಿವೆ. ಅವನ್ನು ಮತ್ತೆ ಓಡುವಂತೆ ಮಾಡಬೇಕೆಂಬ ಹುಮ್ಮಸ್ಸಿನ ಹುಡುಗರೂ ಇದ್ದಾರೆ. ಅಂಥವರಿಗಾಗಿ ನಾನು ಕನ್ನಡದಲ್ಲಿ ನಾಲ್ಕು ಪುಟಗಳ ಒಂದು ಟಿಪ್ಪಣಿಯನ್ನು ಬರೆದೆ. ಅದರಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಬಗ್ಗೆ ಬಳಸಿದ ಒಂದೇ ಒಂದು ಪದ ತಂದ ತೊಡಕು ಈ ಪ್ರಶ್ನೆಗೆ ಕಾರಣ.

ನಾನು ಬರೆದದ್ದು ಇಷ್ಟು: ‘ಕಾರ್ಬುರೇಟರಿನ ಒಳಗೆ ಜಿಡ್ಡುಗಟ್ಟಿದ್ದರೆ ಬಿಚ್ಚಿ ಚೆನ್ನಾಗಿ ತೊಳೆಯಬೇಕು.’ ನಮ್ಮ ನೆಂಟರ ಹುಡುಗನೊಬ್ಬ ಇದನ್ನು ಓದಿ, ಜಿಡ್ಡು ಎಂದ ಮೇಲೆ ಯಾವ ಕನ್ನಡಿಗನಾದರೂ ಮಾಡುವುದನ್ನೇ ಮಾಡಿದ. ಬಿಡಿಭಾಗಗಳನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಪಿನ ಪುಡಿ ಹಾಕಿ ಉಜ್ಜಿ, ಒರೆಸಿ ಜೋಡಿಸಿದ. ಹೊರಮೈ ಬೆಳ್ಳಿಯಂತೆ ಹೊಳೆಯಿತು. ಗಾಡಿ ಮಾತ್ರ ಆಕ್ಸಿಲರೇಟರ್ ತಿರುವಿ ಹಿಡಿದಷ್ಟು ಹೊತ್ತು ಓಡಿ, ಕೈ ಬಿಟ್ಟೊಡನೆ ನಿಂತುಹೋಗುತ್ತಿತ್ತು. ಮತ್ತೆ ಬಿಚ್ಚಿ ನೋಡಿದರೆ, ಆಕ್ಸಿಲರೇಟರ್ ಬಿಟ್ಟಾಗಲೂ ಇಂಜಿನ್ನಿಗೆ ಪೆಟ್ರೋಲು ಹರಿಸುವ ಪೈಲಟ್ ಜೆಟ್ ಎಂಬ ಸಣ್ಣ ನಳಿಕೆಯ, ಅರ್ಧ ಮಿಲಿಮೀಟರಿಗೂ ಕಿರಿದಾದ ರಂಧ್ರ ಜೇನಿನ ಬಣ್ಣದ ಗಟ್ಟಿ ಪೊರೆಯಿಂದ ಹಾಗೆಯೇ ಮುಚ್ಚಿಕೊಂಡಿತ್ತು. ತಪ್ಪು ಹುಡುಗನದಲ್ಲ, ನನ್ನ ಪದದ್ದು. ಜಿಡ್ಡು ಸೀಮೆಎಣ್ಣೆಗೆ ಬಿಡುತ್ತದೆ. ಇದು ಬಿಡುವ ವಸ್ತುವಲ್ಲ.

ಹಾಗಾದರೆ ಇದು ಏನು? ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ. ಉಳಿದದ್ದರಲ್ಲಿ ಜೋಡಿಬಂಧವುಳ್ಳ ಅಣುಗಳು ಗಾಳಿಯ ಆಮ್ಲಜನಕದೊಡನೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು, ತಿಂಗಳುಗಟ್ಟಲೆಯಲ್ಲಿ ಮೊದಲು ಅಂಟಂಟಾಗಿ, ಆಮೇಲೆ ವಾರ್ನಿಶ್ ಬಳಿದಂತೆ ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತವೆ. ತಾಮ್ರದ ಸಂಪರ್ಕವಿದ್ದರೆ ಈ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಜೆಟ್ಟುಗಳು ತಾಮ್ರ ಬೆರೆತ ಹಿತ್ತಾಳೆಯವು ಎಂಬುದನ್ನು ನೆನೆದರೆ, ಕಿರಿದಾದ ಜಾಗದಲ್ಲಿಯೇ ಕೆಡುಕಿಗೆ ನೆರವೂ ಸಿಕ್ಕಂತಾಯಿತು. ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದರಿಂದ, ಪೆಟ್ರೋಲು ಆರಿದ ಮೇಲೆ ಉಳಿದ ಆಯಿಲ್ ಇದರ ಮೇಲೊಂದು ಹೊದಿಕೆಯಾಗಿ ನಿಲ್ಲುತ್ತದೆ. ಜಿಡ್ಡು ಎಂಬ ಪದಕ್ಕೆ ನಿಜವಾಗಿ ಸಲ್ಲುವುದು ಈ ಮೇಲಿನ ಹೊದಿಕೆ. ನಮ್ಮ ಹುಡುಗ ತೊಳೆದದ್ದು ಅದನ್ನು ಮಾತ್ರ.

ಇಲ್ಲಿ ಒಂದು ಮಾತನ್ನು ಸೇರಿಸದೆ ಇರಲಾರೆ. ಹಳೆಯ ಪೆಟ್ರೋಲಿನ ವಾಸನೆಯನ್ನು ನಮ್ಮ ಮನೆಯ ಹಿರಿಯರು ‘ಕಮಟು’ ಎಂದರು. ಕಮಟು ಎನ್ನುವುದು ಹಳೆಯ ತುಪ್ಪಕ್ಕೆ, ಕೊಬ್ಬರಿಗೆ, ಕೆಟ್ಟ ಎಣ್ಣೆಗೆ ಹೇಳುವ ಮಾತು. ಎಣ್ಣೆ ಕಮಟಾಗುವುದೂ ಪೆಟ್ರೋಲು ಹಳತಾಗುವುದೂ ಮೂಲದಲ್ಲಿ ಒಂದೇ ಬಗೆಯ ಕ್ರಿಯೆ, ಜೋಡಿಬಂಧಗಳ ಮೇಲೆ ಆಮ್ಲಜನಕದ ದಾಳಿ. ರಸಾಯನಶಾಸ್ತ್ರದ ಸೋಂಕಿಲ್ಲದ ಮೂಗು ಆರಿಸಿದ ಪದ ಇಷ್ಟು ಸರಿಯಾಗಿ ಕೂತದ್ದನ್ನು ಕಂಡು ನನಗೆ ಸೋಜಿಗವಾಯಿತು. ಟಿಪ್ಪಣಿಯಲ್ಲಿ ‘ಹಳಸಿದ ಪೆಟ್ರೋಲು’ ಎಂದಿದ್ದುದನ್ನು ಹೊಡೆದುಹಾಕಿ ‘ಕಮಟು ಹಿಡಿದ ಪೆಟ್ರೋಲು’ ಎಂದು ತಿದ್ದಿದ್ದೇನೆ. ಹಳಸುವುದು ಅನ್ನ.

ಇನ್ನು ಮುಖ್ಯ ಪದ. ಈ ಪೊರೆಗೆ ಇಂಗ್ಲಿಷಿನಲ್ಲಿ ‘ಗಮ್’ ಎನ್ನುತ್ತಾರೆ. ನಿಘಂಟು ತೆರೆದರೆ ಅದಕ್ಕೆ ಮೊದಲು ಸಿಗುವುದು ಗೋಂದು ಮತ್ತು ಅಂಟು. ಗೋಂದು ನೀರಿನಲ್ಲಿ ಕರಗುತ್ತದೆ, ಅದರ ಗುಣವೇ ಅದು. ಪೆಟ್ರೋಲಿನಿಂದ ಹುಟ್ಟಿದ್ದು ನೀರಿಗೆ ಜಗ್ಗುವುದಿಲ್ಲ. ಅಂಟು ಎನ್ನುವುದು ವಸ್ತುವಿಗಿಂತ ಹೆಚ್ಚಾಗಿ ಗುಣವನ್ನು ಹೇಳುತ್ತದೆ, ಪೂರ್ತಿ ಆರಿ ಗಾಜಿನಂತಾದ ಪೊರೆಗೆ ಅಂಟುವ ಗುಣವೇ ಇರುವುದಿಲ್ಲ. ಮೇಣ ಎಂಬ ಪದದ ಕಡೆ ನನಗೆ ಸ್ವಲ್ಪ ಕಾಲ ಒಲವಿತ್ತು. ಹಲಸಿನ ಹಣ್ಣು ಬಿಡಿಸುವವರು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತಾರೆಯೇ ಹೊರತು ಹಲಸಿನ ಮೇಣವನ್ನು ಬರಿಯ ನೀರಿನಿಂದ ತೊಳೆಯಲು ಹೋಗುವುದಿಲ್ಲ. ‘ನೀರು ಸಾಲದು, ತಕ್ಕ ದ್ರಾವಕ ಬೇಕು’ ಎಂಬ ತಿಳಿವು ಆ ಪದದೊಳಗೇ ಇದೆ. ಆದರೆ ಜೇನುಮೇಣ, ಮೇಣದ ಬತ್ತಿಗಳೂ ಅದೇ ಪದದಲ್ಲಿ ಇರುವುದರಿಂದ, ಮೇಣವೆಂದರೆ ಬಿಸಿಗೆ ಕರಗುವುದು ಎಂದು ಓದುಗ ಭಾವಿಸಿ ಕಾರ್ಬುರೇಟರನ್ನು ಕುದಿನೀರಿಗೆ ಹಾಕಿಯಾನು.

ಗಸಿ ಎನ್ನುವುದು ತಳದಲ್ಲಿ ಕೂರುವ ವಸ್ತು. ಪಾತ್ರೆ ಅಲುಗಿಸಿದರೆ ಏಳುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲಿನ ತಳದ ಕೆಸರಿಗೆ ಅದು ಸರಿ, ಗೋಡೆಗೆ ಕಚ್ಚಿದ ಪೊರೆಗೆ ಅಲ್ಲ. ತುಳು ಬಲ್ಲ ಮನೆಗಳಲ್ಲಿ ಗಸಿ ಎಂದರೆ ಕೋಳಿಸಾರು ನೆನಪಾಗುತ್ತದೆ ಎಂಬುದು ಬೇರೆ ಮಾತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದಲ್ಲಿ ಬೆಳೆದವರಾದ್ದರಿಂದ ನಮ್ಮಲ್ಲಿ ಒಬ್ಬರು ಲೋಳೆ ಎಂದು ಸೂಚಿಸಿದರು. ಸಿಪ್ಪೆ ಬಿಡಿಸಿದ ಕಾಫಿ ಬೀಜದ ಮೇಲಿನ ಲೋಳೆ ಜಾರುತ್ತದೆ, ಹುದುಗು ಬರಿಸಿ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಇಲ್ಲಿ ಎರಡೂ ಹೊಂದುವುದಿಲ್ಲ.

ವಿರಾಜಪೇಟೆಯ ಮೆಕ್ಯಾನಿಕ್ ಒಬ್ಬರು, ಮನೆಮಾತು ಮಲಯಾಳ, ಜೆಟ್ಟನ್ನು ಬೆಳಕಿಗೆ ಹಿಡಿದು ‘ಕರ ಹಿಡಿದಿದೆ’ ಎಂದರು. ಮಲಯಾಳದಲ್ಲಿ ಈ ಪದಕ್ಕೆ ಕಲೆ ಎಂಬ ಅರ್ಥವೂ ಇದೆ, ಗಿಡಮರಗಳಿಂದ ಒಸರುವ ಅಂಟುರಸವೆಂಬ ಅರ್ಥವೂ ಇದೆ. ಬಣ್ಣ, ಅಂಟು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ಪದ ನನಗೆ ಬೇಕಾಗಿತ್ತು. ಹಳಗನ್ನಡದಲ್ಲಿ ಇದರ ಸೋದರನಾದ ‘ಕಱೆ’ ಇತ್ತು, ಕಲೆ ಎಂಬ ಅರ್ಥದಲ್ಲಿ. ಶಕಟರೇಫವಾದ ಱಕಾರ ಬರವಣಿಗೆಯಿಂದ ಬಿದ್ದುಹೋದ ಮೇಲೆ ಅದು, ಕೂಗುವುದಕ್ಕೆ ಹೇಳುವ ‘ಕರೆ’ಯೊಂದಿಗೆ ಕಲಸಿಹೋಯಿತು. ಇಂದು ‘ಕಾರ್ಬುರೇಟರಿನಲ್ಲಿ ಕರೆ’ ಎಂದು ಬರೆದರೆ ಯಾರೋ ಫೋನು ಮಾಡಿದರೆಂದು ತಿಳಿದಾರು.

ಕೊನೆಗೆ ನನ್ನ ಮನಸ್ಸು ನಿಂತದ್ದು ‘ಮಡ್ಡಿ’ಯಲ್ಲಿ. ಎಣ್ಣೆಯ ಡಬ್ಬದ ತಳದಲ್ಲಿ ಉಳಿಯುವ ದಪ್ಪನೆಯ ಶೇಷ ಮಡ್ಡಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಹಾಲುಮಡ್ಡಿ ಮರದ ತೊಗಟೆಯಿಂದ ಒಸರಿ, ಅಗರಬತ್ತಿಗೆ ಹೋಗುವ ರಾಳವೂ ಮಡ್ಡಿಯೇ. ಅಂದರೆ ದ್ರವವೊಂದು ಹಳತಾಗಿ ಉಳಿಸಿದ ಶೇಷ ಎಂಬ ಅರ್ಥವೂ, ಗಾಳಿಗೆ ಗಟ್ಟಿಯಾಗುವ ರಾಳ ಎಂಬ ಅರ್ಥವೂ ಒಂದೇ ಪದದಲ್ಲಿ ಕೂಡಿವೆ. ಪೆಟ್ರೋಲಿನಿಂದ ಆಗುವುದೂ ಈ ಎರಡರ ಕೂಡಿಕೆಯೇ. ಗೋಂದಿನ ಕಡೆಗೆ ಎಳೆಯುವ ಇಂಗ್ಲಿಷ್ ಪದಕ್ಕಿಂತ ನಮ್ಮ ಪದವೇ ವಸ್ತುವಿಗೆ ಹತ್ತಿರವಾಗಿದೆ ಎಂದು ನನ್ನ ಅಭಿಪ್ರಾಯ.

ಜಿಡ್ಡುಗಟ್ಟು, ಜಡ್ಡುಗಟ್ಟುಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಡ್ಡು ಎಂದರೆ ಅಂಗೈಯಲ್ಲಿ ಗುದ್ದಲಿ ಹಿಡಿದು ಹಿಡಿದು ಬಂದ ಗಡುಸು ಚರ್ಮ. ಉತ್ತರ ಕರ್ನಾಟಕದಲ್ಲಿ ಕಾಯಿಲೆಯೂ ಹೌದು. ಜಿಡ್ಡು ಎಂದರೆ ಎಣ್ಣೆಯ ಪಸೆ. ಪತ್ರಿಕೆಗಳಲ್ಲಿ ‘ಜಡ್ಡುಗಟ್ಟಿದ ಆಡಳಿತ’, ‘ಜಿಡ್ಡುಗಟ್ಟಿದ ಆಡಳಿತ’ ಎರಡನ್ನೂ ಕಾಣುತ್ತೇವೆ. ಸ್ಪರ್ಶಜ್ಞಾನ ಕಳೆದುಕೊಂಡದ್ದು ಎಂಬ ಅರ್ಥಕ್ಕೆ ಮೊದಲನೆಯದೇ ಸರಿ. ಕಾರ್ಬುರೇಟರಿಗೆ ಎರಡೂ ಬೇಡ.

ಪದ ಸಿಕ್ಕ ಮೇಲೆ ಕ್ರಿಯಾಪದದಲ್ಲೂ ಒಂದು ಸ್ವಾರಸ್ಯ ಕಂಡಿತು. ‘ಮೂಗು ಕಟ್ಟಿದೆ’ ಎಂದಾಗ ಕಟ್ಟಿದ್ದು ದಾರಿ. ‘ಕೆನೆ ಕಟ್ಟಿದೆ’ ಎಂದಾಗ ಕಟ್ಟಿದ್ದು ಹೊಸದಾಗಿ ಮೂಡಿದ ವಸ್ತು. ಆದುದರಿಂದ ‘ಜೆಟ್ ಕಟ್ಟಿದೆ’ ಎಂಬುದೂ ‘ಮಡ್ಡಿ ಕಟ್ಟಿದೆ’ ಎಂಬುದೂ ಒಂದೇ ಕ್ರಿಯಾಪದದಲ್ಲಿ, ಒಂದು ಪರಿಣಾಮವನ್ನೂ ಇನ್ನೊಂದು ಕಾರಣವನ್ನೂ ಹೇಳುತ್ತವೆ. ವಿಶೇಷಣವಾಗಿ ಬಳಸುವಾಗ ಆದೇಶಸಂಧಿಯಾಗಿ ‘ಮಡ್ಡಿಗಟ್ಟಿದ ಕಾರ್ಬುರೇಟರು’ ಆಗುತ್ತದೆ. ‘ಪಾಚಿಗಟ್ಟಿದ ಕಲ್ಲು’ ಎಂಬಲ್ಲಿ ಪಾಚಿಯಾದದ್ದು ಕಲ್ಲಲ್ಲದಿದ್ದರೂ ಅರ್ಥ ಕೆಡದಂತೆ, ಇಲ್ಲಿಯೂ ಕೆಡುವುದಿಲ್ಲ. ಗ್ಯಾರೇಜಿನಲ್ಲಿ ಸಂಧಿ ಮಾಡಿ ಮಾತಾಡುವವರು ಯಾರೂ ಇಲ್ಲ, ಅದು ಬರವಣಿಗೆಯ ಅಗತ್ಯ ಮಾತ್ರ.

ಒಮ್ಮೆ ಮಡ್ಡಿಯನ್ನು ಬೇರೆ ಮಾಡಿದ ಮೇಲೆ, ಒಂದೇ ‘ಕೊಳೆ’ ಎಂದುಕೊಂಡಿದ್ದುದು ಐದಾರಾಗಿ ಬಿಡಿಸಿಕೊಂಡಿತು. ಟ್ಯಾಂಕಿನ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಯ ಜೆಟ್ಟಿಗೆ ಹಸಿರು ಕಿಲುಬು, ಸೈಲೆನ್ಸರಿನಲ್ಲಿ ಮಸಿ. ಸತುವಿನ ಮಿಶ್ರಲೋಹದ ಬಟ್ಟಲಿನಲ್ಲಿ ಬಿಳಿಯ ಪುಡಿ ಏಳುತ್ತದೆ. ಈಗ ಪೆಟ್ರೋಲಿನಲ್ಲಿ ಬೆರೆಯುವ ಎಥನಾಲು ನೀರಿನ ಪಸೆಯನ್ನು ಹೀರಿಕೊಳ್ಳುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಾತಾವರಣವಿದೆ. ಹುಡುಗರು ಅದನ್ನು ‘ಬೂಷ್ಟು’ ಎನ್ನುತ್ತಾರೆ. ನಿಜವಾದ ಬೂಷ್ಟು ಜೀವವಿರುವ ಶಿಲೀಂಧ್ರ, ಇದು ಲೋಹದ ಸವೆತ. ಆದರೂ ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಚಪ್ಪಲಿಯ ಮೇಲೂ ಬೆಲ್ಟಿನ ಮೇಲೂ ಏಳುವುದನ್ನು ಕಂಡವರಿಗೆ ಬೇರೆ ಹೋಲಿಕೆ ಹೊಳೆಯುವುದು ಕಷ್ಟ. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಇಡೀ ಕೆಲಸಕ್ಕೆ ಏನೆನ್ನಬೇಕು ಎಂಬುದರಲ್ಲಿ ನನಗೆ ಹೆಚ್ಚು ಚಿಂತೆಯಿಲ್ಲ. ‘ಜೀರ್ಣೋದ್ಧಾರ’ ಎಂದರೆ ದೇವಸ್ಥಾನದ ಸಮಿತಿ, ಚಂದಾ ಪುಸ್ತಕ ಕಣ್ಣಮುಂದೆ ಬರುತ್ತವೆ. ‘ಪುನಶ್ಚೇತನ’ ಕೆರೆಗೆ, ನಿಗಮಕ್ಕೆ ಸರಿ. ಗ್ಯಾರೇಜಿನ ಫಲಕದಲ್ಲಿರುವ ‘ಓವರಾಯಿಲಿಂಗ್’ (ಓವರ್‌ಹಾಲಿಂಗ್) ಎಂಬ ಪದ ಆಯಿಲಿನಿಂದಲೇ ಹುಟ್ಟಿತೆಂದು ನಂಬಿದವರನ್ನು ನಾನು ಬಲ್ಲೆ. ‘ಬಿಚ್ಚಿ ತೊಳೆದು ಕೂರಿಸುವುದು’ ಎಂಬ ಮೂರು ಪದಗಳು ನನಗೆ ಸಾಕಾಗಿವೆ.

ತಿದ್ದಿದ ವಾಕ್ಯ ಈಗ ಹೀಗಿದೆ: ‘ಜೆಟ್ಟಿನಲ್ಲಿ ಮಡ್ಡಿ ಕಟ್ಟಿದ್ದರೆ, ಮೊದಲು ರಬ್ಬರಿನ ಉಂಗುರಗಳನ್ನೂ ವಾಷರುಗಳನ್ನೂ ತೆಗೆದಿಟ್ಟು, ಲೋಹದ ಭಾಗಗಳನ್ನು ಮಾತ್ರ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಮಡ್ಡಿ ಮೆತ್ತಗಾದ ಮೇಲೆ ಗಾಳಿ ಊದಬೇಕು, ಉಕ್ಕಿನ ತಂತಿ ತೂರಿಸಿದರೆ ಮೆದುವಾದ ಹಿತ್ತಾಳೆ ಸವೆದು ರಂಧ್ರ ಹಿಗ್ಗುತ್ತದೆ, ಪೆಟ್ರೋಲು ಹೆಚ್ಚು ಹರಿಯುತ್ತದೆ.’ ಈ ವಾಕ್ಯವನ್ನು ಓದಿದ ಅದೇ ಹುಡುಗ ಎರಡನೆಯ ಸಲ ಸೀಮೆಎಣ್ಣೆಯ ಡಬ್ಬವನ್ನು ಮುಟ್ಟಲಿಲ್ಲ.

ಎರಡು ಸಂದೇಹಗಳು ಉಳಿದಿವೆ. ಬಳಸಿ ಬಿಟ್ಟ ಕಪ್ಪು ಇಂಜಿನ್ ಆಯಿಲನ್ನು ‘ಮಡ್ಡಿ ಎಣ್ಣೆ’ ಎನ್ನುವ ರೂಢಿ ಇರುವ ಕಡೆ, ಮಡ್ಡಿ ಎಂದೊಡನೆ ಓದುಗರಿಗೆ ಹರಿಯುವ ವಸ್ತುವೇ ತೋಚುತ್ತದೆಯೇ? ಹಾಗಾದರೆ ನನ್ನ ಆಯ್ಕೆಗೆ ಅಲ್ಲಿ ಬೆಲೆಯಿಲ್ಲ. ಎರಡನೆಯದು, ಪೂರ್ತಿ ಆರಿ, ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುವ ಕೊನೆಯ ಹಂತಕ್ಕೆ ಮಡ್ಡಿ ಎಂಬುದು ಸ್ವಲ್ಪ ಮೆತ್ತನೆಯ ಪದ ಎನಿಸುತ್ತದೆ. ಮುದ್ರೆಯೊತ್ತುವ ಅರಗಿನ ಗಡುಸು, ಬಣ್ಣ, ಸ್ಪಿರಿಟಿಗೆ ಕರಗುವ ಸ್ವಭಾವಗಳನ್ನು ನೆನೆದು ‘ಅರಗುಗಟ್ಟು’ ಎಂದು ಬರೆಯಬಹುದೇ ಎಂದು ಯೋಚಿಸುತ್ತಿದ್ದೇನೆ. ಆ ರೂಪವನ್ನು ಯಾರ ಬಾಯಲ್ಲಾದರೂ, ಬಡಗಿಗಳ ಅಥವಾ ಅಕ್ಕಸಾಲಿಗರ ಮಾತಿನಲ್ಲಾದರೂ, ಕೇಳಿದವರಿದ್ದರೆ ಯಾವ ಊರಿನಲ್ಲಿ, ಯಾವ ವಸ್ತುವಿನ ಬಗ್ಗೆ ಹೇಳಿದ್ದೆಂದು ದಯವಿಟ್ಟು ತಿಳಿಸಬೇಕು.